ಮೊಗದ ಬೆನ್ನಿನ ಫೋಟೊ ಇರಲಿ

ಮಾನ್ಯ ಸಂಪಾದಕರೇ,

ವಿದೇಶದ ಮ್ಯೂಸಿಯಂನಿಂದ ನಮ್ಮ ವಿಗ್ರಹ ಮರಳಿ ಬರುತ್ತದೆ ಎಂಬ ಸುದ್ದಿಗೆ ಎಲ್ಲರೂ ಸಂತೋಷಪಡುತ್ತೇವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2023ರ ಮಾರ್ಚ್‌ನಲ್ಲಿ 15 ಶಿಲ್ಪಗಳನ್ನು ಭಾರತಕ್ಕೆ ಹಿಂದಿರುಗಿಸುವುದಾಗಿ ಹೇಳಿದಾಗಲೂ ಹಾಗೇ ಆಯಿತು. ಆದರೆ ಅವು ಅಲ್ಲಿಗೆ ಹೋದ ದಾರಿಯ ಬಗ್ಗೆ ನಮ್ಮಲ್ಲಿ ಮಾತು ಕಡಿಮೆ. ದೈವಸ್ಥಾನಗಳಲ್ಲಿ, ಊರ ಹಿರಿಮನೆತನಗಳಾದ ಗುತ್ತಿನ ಮನೆಗಳಲ್ಲಿ, ಕೋಟಿ-ಚೆನ್ನಯರ ಗರಡಿಗಳಲ್ಲಿ ದೈವದ ಭಂಡಾರ, ಅಂದರೆ ಮೊಗ (ಲೋಹದ ಮುಖವಾಡ), ಆಯುಧ, ಆಭರಣ ಕಾಯುತ್ತಿರುವ ಕರಾವಳಿಯವರಿಗೆ ಆ ದಾರಿ ಗೊತ್ತಿರಲೇಬೇಕು. ಹಳೆಯ ಮೊಗಗಳ ಫೋಟೊ, ಅಳತೆ ದಾಖಲಿಸಿಡಿ ಎಂದು ಕೇಳುವುದೂ ಅದಕ್ಕೇ.

ಮೆಟ್ರೊಪಾಲಿಟನ್ 1870ರಲ್ಲಿ ಶ್ರೀಮಂತರ ಉತ್ಸಾಹದಿಂದ ಹುಟ್ಟಿದ ಸಂಸ್ಥೆ. ಅದರ ಮೊದಲ ನಿರ್ದೇಶಕ ಚೆಸ್ನೋಲಾ ಅದಕ್ಕೂ ಮುಂಚೆ ಸೈಪ್ರಸ್‌ನಲ್ಲಿ ಅಮೆರಿಕದ ಕಾನ್ಸುಲ್ ಆಗಿದ್ದು, ಅಲ್ಲಿನ ಗೋರಿಗಳನ್ನು ಅಗೆಸಿ ತೆಗೆದ ಸಾವಿರಾರು ವಸ್ತುಗಳನ್ನು ಇದೇ ಮ್ಯೂಸಿಯಂಗೆ ಮಾರಿದವರು. ಬ್ಯಾಂಕರ್ ಜೆ.ಪಿ. ಮಾರ್ಗನ್ 1904ರಿಂದ 1913ರವರೆಗೆ ಅದರ ಅಧ್ಯಕ್ಷರು. ಅಲ್ಲಿನ ಕೋಣೆ, ಗ್ಯಾಲರಿಗಳ ಮೇಲೆ ಇಂದಿಗೂ ದಾನಿಗಳ ಹೆಸರುಗಳಿವೆ. ನೋವುನಿವಾರಕ ಮಾತ್ರೆಗಳ ವಿವಾದದ ನಂತರ 2021ರ ಡಿಸೆಂಬರ್‌ನಲ್ಲಿ ಆ ಮಾತ್ರೆಗಳ ಕಂಪನಿಯ ಒಡೆಯರಾದ ಸ್ಯಾಕ್ಲರ್ ಕುಟುಂಬದ ಹೆಸರನ್ನು ತೆಗೆದದ್ದು ದೊಡ್ಡ ಸುದ್ದಿಯಾಯಿತು. ಗೋಡೆಯ ಮೇಲಿನ ಹೆಸರಿಗಿಂತ ವಸ್ತುವಿನ ಪಕ್ಕದ ಪುಟ್ಟ ಚೀಟಿಯನ್ನು ಓದುವುದು ಹೆಚ್ಚು ಮುಖ್ಯ ಎಂಬುದು ನಮ್ಮ ಅಭಿಪ್ರಾಯ.

ಚೀಟಿಯಲ್ಲಿ ವಸ್ತುವಿನ ಹೆಸರು, ದೇಶ, ಶತಮಾನ ಇರುತ್ತದೆ. ಕೊನೆಗೆ ‘ಇಂಥವರ ಕೊಡುಗೆ’ ಎಂಬ ಸಾಲು, ಒಂದು ನಂಬರು. ಈಚಿನ ಸಂಗ್ರಹಗಳಲ್ಲಿ ನಂಬರಿನ ಮೊದಲ ನಾಲ್ಕು ಅಂಕಿ ವಸ್ತು ಮ್ಯೂಸಿಯಂಗೆ ಸೇರಿದ ವರ್ಷ. ಕಾಂಬೋಡಿಯದ ಹಳೆಯ ದೇವಾಲಯಗಳ ತಾಣ ಕೊ ಕೇರ್‌ನ ಮಂಡಿಯೂರಿದ ಎರಡು ಕಲ್ಲಿನ ಮೂರ್ತಿಗಳ ತಲೆಗಳು ಅಲ್ಲಿಗೆ ಬಂದದ್ದು 1987 ಮತ್ತು 1989ರಲ್ಲಿ, ಮುಂಡಗಳು 1992ರಲ್ಲಿ. ಒಂದೇ ಮೂರ್ತಿಯ ತಲೆ, ಮುಂಡ ಬೇರೆ ಬೇರೆ ವರ್ಷ ‘ಕೊಡುಗೆ’ಯಾಗಿ ಬಂದರೆ ಅದನ್ನು ಯಾರೋ ಒಡೆದು ಸಾಗಿಸಿದ್ದಾರೆ ಎಂದು ಅನುಮಾನಪಡಲು ಆ ನಂಬರುಗಳೇ ಸಾಕಿತ್ತು. ಆದರೂ ಎರಡು ಮೂರ್ತಿಗಳು ಕಾಂಬೋಡಿಯಕ್ಕೆ ಮರಳಿದ್ದು 2013ರಲ್ಲಿ. ಕೊಟ್ಟವರಲ್ಲಿ ಒಬ್ಬನಾದ ಕಲಾವಸ್ತು ವ್ಯಾಪಾರಿ ಡಗ್ಲಸ್ ಲ್ಯಾಚ್‌ಫರ್ಡ್ ಮೇಲೆ 2019ರಲ್ಲಿ ಕಳ್ಳಸಾಗಣೆಯ ಆರೋಪಪಟ್ಟಿ ಸಲ್ಲಿಕೆಯಾಯಿತು. ವಿಚಾರಣೆಗೆ ಮೊದಲೇ ಆತ ತೀರಿಕೊಂಡ.

ಕೊಡುಗೆಯ ಹಿಂದೆ ತೆರಿಗೆಯ ಲೆಕ್ಕವೂ ಇದೆ. ಅಮೆರಿಕದಲ್ಲಿ ದಾನ ಕೊಟ್ಟವರಿಗೆ 1917ರಿಂದಲೇ ಆದಾಯ ತೆರಿಗೆಯಲ್ಲಿ ರಿಯಾಯಿತಿ ಉಂಟು. ಕಲಾವಸ್ತು ದಾನ ಕೊಟ್ಟರೆ, ಒಂದು ಮಿತಿಯೊಳಗೆ, ಲೆಕ್ಕಕ್ಕೆ ಬರುವುದು ಕೊಂಡ ಬೆಲೆಯಲ್ಲ, ಕೊಡುವ ದಿನದ ಮಾರುಕಟ್ಟೆ ಬೆಲೆ. 1970ರ ದಶಕದಲ್ಲಿ ಅತಿ ಹೆಚ್ಚು ಆದಾಯದವರ ಮೇಲಿನ ತೆರಿಗೆ ಶೇ 70ರಷ್ಟಿತ್ತು. 10,000 ಡಾಲರಿಗೆ ಕೊಂಡ ವಿಗ್ರಹಕ್ಕೆ 50,000 ಎಂದು ಬೆಲೆ ಕಟ್ಟಿಸಿ ದಾನ ಮಾಡಿದರೆ ಉಳಿಯುವ ತೆರಿಗೆ 35,000. ಎಲ್ಲ ದಾನಿಗಳೂ ಹೀಗೆ ಮಾಡಿದರು ಎನ್ನಲಾಗದು. ಆದರೆ ಮೂಲ ಕೇಳದೆ ಕೊಳ್ಳುವವರಿಗೆ ಈ ಲೆಕ್ಕ ಒಳ್ಳೆಯ ಆಮಿಷವಾಗಿತ್ತು.

ಖಾಸಗಿಯವರು ಪ್ರಾಚ್ಯವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದನ್ನು ನಿಷೇಧಿಸುವ ನಮ್ಮ ದೇಶದ ಪ್ರಾಚ್ಯವಸ್ತು ಕಾಯ್ದೆ 1972ರದು, ಜಾರಿಗೆ ಬಂದದ್ದು 1976ರ ಏಪ್ರಿಲ್ 5ರಂದು. ಹಾಗಾಗಿ ಸುಳ್ಳು ಕಾಗದ ಸೃಷ್ಟಿಸುವವರು ‘1970ರ ಸುಮಾರಿಗೆ ಭಾರತದಲ್ಲಿದ್ದ ವಿದೇಶಿ ಕುಟುಂಬ ಕೊಂಡದ್ದು’ ಎಂದೇ ಬರೆಯುತ್ತಾರೆ. ತಮಿಳುನಾಡಿನ ಶ್ರೀಪುರಂದಾನ್‌ನಿಂದ ಕದ್ದ ನಟರಾಜನಿಗೆ ನ್ಯೂಯಾರ್ಕಿನ ಕಲಾವಸ್ತು ವ್ಯಾಪಾರಿ ಸುಭಾಷ್ ಕಪೂರ್ ಅಂಥದೇ ಕಥೆ ಕಟ್ಟಿ, 2008ರಲ್ಲಿ ಆಸ್ಟ್ರೇಲಿಯದ ರಾಷ್ಟ್ರೀಯ ಗ್ಯಾಲರಿಗೆ 50 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಿದ. 2014ರಲ್ಲಿ ಆ ನಟರಾಜ ಮರಳಿ ಬರಲು ಮುಖ್ಯ ಸಾಕ್ಷಿ ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದೆ ದೇವಸ್ಥಾನದೊಳಗೇ ತೆಗೆದಿಟ್ಟಿದ್ದ ಫೋಟೊ. ಆ ಫೋಟೊ ಇಲ್ಲದಿದ್ದರೆ ಹಕ್ಕು ಸ್ಥಾಪಿಸುವುದು ಬಹಳ ಕಷ್ಟವಾಗುತ್ತಿತ್ತು.

ಇನ್ನು ನಮ್ಮ ಕರಾವಳಿಯ ಸಂಗತಿ. ಮಂಗಳೂರಿನ ಕದ್ರಿ ದೇವಸ್ಥಾನದ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲೇ ಅಳುಪ ರಾಜ ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಅದು ಯಾವ ಊರಿನದೆಂದು ಯಾರೂ ಕಥೆ ಕಟ್ಟುವಂತಿಲ್ಲ. ನಮ್ಮ ದೈವಗಳ ಮೊಗಗಳಿಗೆ ಆ ರಕ್ಷಣೆ ಇಲ್ಲ. ಪಂಜುರ್ಲಿಯ, ಜುಮಾದಿಯ ಕಂಚಿನ ಮೊಗದಲ್ಲಿ ಸಾಮಾನ್ಯವಾಗಿ ಊರಿನ ಹೆಸರು ಕೊರೆದಿರುವುದಿಲ್ಲ. ವಿದೇಶದ ಹರಾಜಿನಲ್ಲಿ ಅಂಥ ಮೊಗ ಬಂದರೆ ‘ಕರ್ನಾಟಕ, 18-19ನೇ ಶತಮಾನ’ ಎಂದಷ್ಟೇ ಬರೆಯುತ್ತಾರೆ. ಅದು ನಮ್ಮ ಮಾಗಣೆಯದೆಂದು (ನಮ್ಮ ಊರುಗಳ ಗುಂಪಿನದೆಂದು) ಹೇಳಲು ನಮ್ಮ ಕೈಯಲ್ಲಿ ಏನಿದೆ? ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ದೈವಸ್ಥಾನದ ಹಳೆಯ ಮರದ ಮೂರ್ತಿಗಳು ದೆಹಲಿಯ ಕರಕುಶಲ ಮ್ಯೂಸಿಯಂನಲ್ಲಿ ಊರಿನ ಹೆಸರಿನ ಸಮೇತ ಇವೆ. ಊರು ಬಿಟ್ಟು ಹೋದರೂ ವಿಳಾಸ ಉಳಿದಿದೆ.

ಅಪಾಯ ಹೆಚ್ಚಿರುವುದು ಜೀರ್ಣೋದ್ಧಾರದ ಹೊತ್ತಿನಲ್ಲಿ. ಹೊಸ ಮೊಗ ಮಾಡಿಸುವಾಗ ಹಳೆಯದನ್ನು ತೂಕಕ್ಕೆ ಹಾಕಿ, ಅದರ ಬೆಲೆ ವಜಾ ಮಾಡಿಸಿಕೊಂಡರೆ ಅಲ್ಲಿಗೆ ಅದರ ಜಾಡು ಮುಗಿಯಿತು. ಜೀರ್ಣೋದ್ಧಾರದ ಕೊನೆಯ ಬ್ರಹ್ಮಕಲಶ ಆದ ಮೇಲೆ ದಾನಿಗಳ ಹೆಸರನ್ನು ಅಮೃತಶಿಲೆಯಲ್ಲಿ ಕೊರೆಸುತ್ತೇವೆ. ಹಳೆಯ ಮೊಗ ಏನಾಯಿತು ಎಂಬುದಕ್ಕೆ ಸಮಿತಿಯ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ.

ಕೆಲಸ ಅರ್ಧ ದಿನದ್ದು. ಗಡಿ ಹಿಡಿದವರ (ದೈವದ ಹೊಣೆ ಹೊತ್ತ ಗುತ್ತಿನ ಯಜಮಾನರ) ಒಪ್ಪಿಗೆ ಪಡೆದು, ಭಂಡಾರ ತೆಗೆಯುವ ದಿನವೇ, ಹೂವು ಪಟ್ಟೆ ಏರಿಸುವ ಮೊದಲು ಮಾಡಬೇಕು; ಅಲಂಕಾರದ ಫೋಟೊ ಸಾಕ್ಷಿಗೆ ಬಾರದು. ಅಂಗಳದ ನೆರಳಿನಲ್ಲಿ ಬಿಳಿ ಪಂಚೆ ಹಾಸಿ, ಪಕ್ಕದಲ್ಲಿ 30 ಸೆಂ.ಮೀ. ಸ್ಕೇಲ್ ಇಟ್ಟು, ಮುಂದೆ, ಹಿಂದೆ, ಎರಡು ಬದಿ, ಮೇಲೆ, ಕೆಳಗೆ ಹೀಗೆ ಆರು ಫೋಟೊ. ಫ್ಲಾಶ್ ಬೇಡ, ಕಂಚು ಹೊಳೆದು ಗೀರುಗಳೆಲ್ಲ ಮರೆಯಾಗುತ್ತವೆ. ಹುಣಸೆಹುಳಿ ಹಾಕಿ ತಿಕ್ಕುವುದೂ ಬೇಡ, ಹಳೆಯ ಮೈ ಹೋಗಿಬಿಡುತ್ತದೆ.

ಎಲ್ಲಕ್ಕಿಂತ ಮುಖ್ಯ ಬೆನ್ನಿನ ಫೋಟೊ. ಮೇಣದ ಎರಕದಲ್ಲಿ ಅಚ್ಚು ಒಡೆದೇ ಮೊಗ ಹೊರತೆಗೆಯುವುದರಿಂದ ಎರಡು ಮೊಗ ಒಂದೇ ತರ ಇರುವುದಿಲ್ಲ. ಒಳಮೈಯ ಗಾಳಿತೂತು, ತೇಪೆ, ಹಗ್ಗ ಕಟ್ಟುವ ತೂತಿನ ಸವೆತ ಆ ಮೊಗದ ಬೆರಳಚ್ಚು ಇದ್ದಂತೆ. ನಕಲು ಮಾಡುವವರು ಮುಖವನ್ನು ಹೊಂದಿಸುತ್ತಾರೆ, ಬೆನ್ನು ಹೊಂದುವುದಿಲ್ಲ. ಅಳತೆಯನ್ನು ಮಿಲಿಮೀಟರಿನಲ್ಲೇ ಬರೆಯಬೇಕು. ಮೂಲದಿಂದ ಅಚ್ಚು ತೆಗೆದು ಹೊಯ್ದ ಕಂಚು ತಣಿಯುವಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ, 300 ಮಿ.ಮೀ. ಎತ್ತರದ ಮೊಗದಲ್ಲಿ 4-5 ಮಿ.ಮೀ. ವ್ಯತ್ಯಾಸ ಸಿಗುತ್ತದೆ. ಮೂಲದ ಜಾಗದಲ್ಲಿ ನಕಲು ಇಟ್ಟಿದ್ದರೆ ಗೊತ್ತಾಗುವುದು ಹೀಗೆ. ತೂಕವೂ ಗ್ರಾಮಿನಲ್ಲಿರಲಿ. ಫೋಟೊ ಕೂಡದು ಎನ್ನುವ ದೈವಸ್ಥಾನಗಳಿವೆ, ಆ ನಂಬಿಕೆಗೆ ಗೌರವ ಕೊಡಬೇಕು. ಅಲ್ಲಿ ಅಳತೆ, ತೂಕ ಮತ್ತು ಕೈಯಲ್ಲಿ ಬರೆದ ಚಿತ್ರವಾದರೂ ಇರಲಿ.

ಮೂರು ಪ್ರತಿ ಮಾಡಿ, ಒಂದನ್ನು ಊರ ಹೊರಗೆ ಇಡಬೇಕು. ವಾಟ್ಸಾಪ್‌ನಲ್ಲಿ ಹಂಚಬಾರದು, ಕಳ್ಳರಿಗೆ ಅದೇ ಪಟ್ಟಿಯಾಗುತ್ತದೆ. ನೂರು ವರ್ಷ ದಾಟಿದ ಲೋಹದ, ಮರದ ಶಿಲ್ಪಗಳನ್ನು ಕಾಯ್ದೆಯಡಿ ನೋಂದಣಿ ಮಾಡಿಸಲು ಬೇಕಾಗುವುದೂ ಇವೇ ಫೋಟೊ, ಇದೇ ವಿವರ.

ಮಂಗಳೂರಿನ ಬಿಜೈ ಮ್ಯೂಸಿಯಂನ ಕಟ್ಟಡ ಕರ್ನಲ್ ಮಿರಜ್‌ಕರ್ ತಾಯಿ ಶ್ರೀಮಂತಿ ಬಾಯಿ ನೆನಪಿಗೆ ಕೊಟ್ಟದ್ದೆಂದು ಊರಿಗೇ ಗೊತ್ತು. ಕೊಟ್ಟವರು ಯಾರು, ಕೊಟ್ಟದ್ದು ಏನು, ಎರಡೂ ಅಲ್ಲಿ ಸ್ಪಷ್ಟ. ಈ ವರ್ಷ ಕೆಲಸಕ್ಕೆ ಕೈ ಹಾಕುವ ಜೀರ್ಣೋದ್ಧಾರ ಸಮಿತಿಗಳು ಹಳೆಯ ಮೊಗಗಳ ಪಟ್ಟಿಯನ್ನು ಮೊದಲ ಸಭೆಯಲ್ಲೇ ಬರೆದಿಡಲಿ. ಹೊಸದಕ್ಕೆ ಮುಂಗಡ ಕೊಡುವುದು ಅದರ ನಂತರ.

– ದೈವಸ್ಥಾನಗಳ ಹಳೆಯ ವಸ್ತುಗಳ ದಾಖಲಾತಿಯಲ್ಲಿ ತೊಡಗಿರುವವರು, ಉಡುಪಿ