ಮೆಷಿನ್ ಖಾಲಿ ಇದೆಯೇ ಎಂದು ಕೇಳಿದವರಿಗೆ

ವೆಚ್ಚ ಮತ್ತು ನಿರ್ವಹಣಾ ಲೆಕ್ಕಶಾಸ್ತ್ರದ ವೃತ್ತಿಪರ ಪರೀಕ್ಷೆಯಾದ ಸಿಎಂಎ ಅಂತಿಮ ಹಂತದ, ನಾಲ್ಕು ಪತ್ರಿಕೆಗಳ ಮೂರನೆಯ ಗುಂಪಿನಲ್ಲಿ ನಾನು ಈ ಬಾರಿ ಉತ್ತೀರ್ಣಳಾಗಿದ್ದೇನೆ. ಇದು ನನ್ನ ಮೂರನೆಯ ಪ್ರಯತ್ನ. ಪ್ರತಿ ಪತ್ರಿಕೆಯಲ್ಲಿ ಕನಿಷ್ಠ 40 ಅಂಕ, ನಾಲ್ಕೂ ಸೇರಿ ಶೇ. 50 ಇರಬೇಕೆಂಬುದು ನಿಯಮ. ಮೊದಲ ಸಲ ಸ್ಟ್ರಾಟೆಜಿಕ್ ಕಾಸ್ಟ್ ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ 36 ಬಂದು ಅನುತ್ತೀರ್ಣಳಾದೆ. ಎರಡನೆಯ ಸಲ ನಾಲ್ಕರಲ್ಲೂ 40 ದಾಟಿದರೂ ಒಟ್ಟು ಮೊತ್ತ 193ಕ್ಕೆ ನಿಂತು, ಏಳು ಅಂಕಗಳ ಕೊರತೆಯಿಂದ ಮತ್ತೆ ಅಲ್ಲಿಯೇ ಉಳಿದೆ. ಈ ಎರಡು ವರ್ಷಗಳಲ್ಲಿ ಆಸರೆಯಾದವರನ್ನು ಬಹಿರಂಗವಾಗಿ ನೆನೆಯುವುದು ಕರ್ತವ್ಯವೆಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ವಂದನೆ ಸಲ್ಲಬೇಕಾದದ್ದು ಪರೀಕ್ಷೆಯ ಹೆಸರನ್ನೇ ಸರಿಯಾಗಿ ಕೇಳಿರದ ಒಬ್ಬ ಹಿರಿಯರಿಗೆ. ನಾನು ಪೀಣ್ಯದ ಒಂದು ಸಣ್ಣ ಎಂಜಿನಿಯರಿಂಗ್ ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಅವರು ಅಲ್ಲಿಯ ಫೋರ್‌ಮನ್. ಒಂದು ಬಿಡಿಭಾಗವನ್ನು ನಾವೇ ತಯಾರಿಸಬೇಕೋ ಹೊರಗಿನಿಂದ ಕೊಳ್ಳಬೇಕೋ ಎಂಬ ಪ್ರಶ್ನೆ ಬಂದಾಗ, ನಮ್ಮ ವೆಚ್ಚಪಟ್ಟಿ ಅದಕ್ಕೆ 140 ರೂಪಾಯಿ ತೋರಿಸುತ್ತಿತ್ತು, ಹೊರಗಿನವರು 118ಕ್ಕೆ ಕೊಡಲು ಸಿದ್ಧರಿದ್ದರು. ಆ 140ರಲ್ಲಿ 35 ರೂಪಾಯಿ ಶೆಡ್ಡಿನ ಬಾಡಿಗೆಯ ಮತ್ತು ಮೇಲ್ವಿಚಾರಕರ ಸಂಬಳದ ಪಾಲು. ನಾವು ತಯಾರಿಸಿದರೂ ಬಿಟ್ಟರೂ ಆ ಖರ್ಚು ನಿಲ್ಲುವುದಿಲ್ಲವಾದ್ದರಿಂದ ಅದನ್ನು ಕಳೆದು, ಉಳಿದ 105 ರೂಪಾಯಿ 118ಕ್ಕಿಂತ ಕಡಿಮೆಯೆಂದು ತೋರಿಸಿ, ನಾವೇ ತಯಾರಿಸೋಣ ಎಂದು ನಾನು ಹೆಮ್ಮೆಯಿಂದ ಬರೆದುಕೊಟ್ಟೆ. ಅವರು ಆ ಹಾಳೆಯನ್ನು ನೋಡಿ ಕೇಳಿದ್ದು ಒಂದೇ ಮಾತು: "ಮೇಡಂ, ಮೆಷಿನ್ ಖಾಲಿ ಇದೆಯಾ?"

ಇರಲಿಲ್ಲ. ಎರಡು ಶಿಫ್ಟುಗಳೂ ತುಂಬಿದ್ದವು. ಈ ಭಾಗಕ್ಕೆ ಕಾಲು ಗಂಟೆ ಯಂತ್ರ ಬೇಕಾಗಿತ್ತು, ಅದೇ ಯಂತ್ರ ಬೇರೆ ಆರ್ಡರಿನಲ್ಲಿ ಗಂಟೆಗೆ 200 ರೂಪಾಯಿ ಕಾಂಟ್ರಿಬ್ಯೂಷನ್ (ಮಾರಾಟದ ಬೆಲೆಯಲ್ಲಿ ಬದಲಾಗುವ ವೆಚ್ಚ ಕಳೆದು ಉಳಿಯುವ ಹಣ) ತರುತ್ತಿತ್ತು. ಅಂದರೆ ನಾವು ಕೈಬಿಡುವ 50 ರೂಪಾಯಿ ಸೇರಿ ಆ ಭಾಗದ ನಿಜವಾದ ವೆಚ್ಚ 155 ಆಗುತ್ತಿತ್ತು. 140ರ ಪೂರ್ಣ ವೆಚ್ಚದ ಲೆಕ್ಕ ಕೊಳ್ಳಿ ಎಂದಿತ್ತು, ನಿಲ್ಲದ ಖರ್ಚನ್ನು ಕಳೆದ 105ರ ಮಾರ್ಜಿನಲ್ ಲೆಕ್ಕ ತಯಾರಿಸಿ ಎಂದಿತ್ತು, ಹೀಗೆ ಕೈಬಿಡುವ ಗಳಿಕೆಯನ್ನು, ಅಂದರೆ ಅವಕಾಶ ವೆಚ್ಚವನ್ನು, ಸೇರಿಸಿದ ಮೇಲೆ ಉತ್ತರ ಮತ್ತೆ ಕೊಳ್ಳುವುದರ ಕಡೆಗೇ ಬಂತು. ಯಂತ್ರ ಬಿಡುವಾಗಿರುವ ತಿಂಗಳಲ್ಲಿ ಇದೇ ಪ್ರಶ್ನೆಗೆ ಇನ್ನೊಂದು ಉತ್ತರವಿದೆ. ಅವಕಾಶ ವೆಚ್ಚದ ವ್ಯಾಖ್ಯೆ ನನಗೆ ಪಿಯುಸಿಯಿಂದಲೇ ಬಾಯಿಪಾಠವಾಗಿತ್ತು. ಅದು ಶೆಡ್ಡಿನ ಯಾವ ಮೂಲೆಯಲ್ಲಿ ಕೂತಿರುತ್ತದೆ ಎಂಬುದನ್ನು ತೋರಿಸಿದವರು ಅವರು. ಕೂಲಿಯನ್ನು ತಯಾರಿಕೆಯ ಪ್ರಮಾಣದೊಂದಿಗೆ ಬದಲಾಗುವ ವೆಚ್ಚವೆಂದು ಪುಸ್ತಕಗಳು ಸಲೀಸಾಗಿ ಹೇಳಿಬಿಡುತ್ತವೆ, ಆದರೆ ತಿಂಗಳ ಸಂಬಳದವರ ಕೂಲಿ ಹಾಗಲ್ಲ, ಪೀಸ್ ಲೆಕ್ಕದವರದು ಮಾತ್ರ ಹಾಗೆ ಎಂಬುದನ್ನೂ ಅವರಿಂದಲೇ ತಿಳಿದೆ.

ಭಾನುವಾರಗಳಂದು ಪಾಠ ಹೇಳಿದ ಗುರುಗಳು, ಎರಡನೆಯ ಸೋಲಿನ ನಂತರ ನನ್ನ ಉತ್ತರಗಳನ್ನು ಓದಿ, ಲೆಕ್ಕವೆಲ್ಲ ಸರಿಯಾಗಿದೆ, ನಿರ್ಧಾರ ಎಲ್ಲಿದೆ ಎಂದು ಕೇಳಿದರು. ಅಂದಿನಿಂದ ಪ್ರತಿ ಉತ್ತರದ ಮೊದಲ ಸಾಲಿನಲ್ಲಿ ಸಲಹೆ, ಕೊನೆಯಲ್ಲಿ ಯಾವ ಸಂಗತಿ ಬದಲಾದರೆ ಆ ಸಲಹೆ ಬದಲಾಗುತ್ತದೆ ಎಂಬ ಟಿಪ್ಪಣಿ ಬರೆಯುವುದನ್ನು ಕಡ್ಡಾಯ ಮಾಡಿದರು. ಮೊದಲ ಘಟಕಕ್ಕೆ 100 ಗಂಟೆ, ಕಲಿಕಾ ರೇಖೆ (ಕೈ ಪಳಗಿದಂತೆ ಸಮಯ ಕಡಿಮೆಯಾಗುವ ಲೆಕ್ಕ) ಶೇ. 80 ಎಂದರೆ ಎರಡನೆಯದಕ್ಕೆ 80 ಗಂಟೆ ಎಂದೇ ನಾನು ಬರೆಯುತ್ತಿದ್ದೆ. 80 ಎಂಬುದು ಎರಡರ ಸರಾಸರಿ, ಒಟ್ಟು 160, ಆದ್ದರಿಂದ ಎರಡನೆಯದಕ್ಕೆ ತಗಲುವುದು 60 ಎಂದು ಅವರು ಎಷ್ಟು ಸಲ ಬೇಸರವಿಲ್ಲದೆ ತಿದ್ದಿದರೋ ಲೆಕ್ಕವಿಲ್ಲ.

ತುಮಕೂರು ಜಿಲ್ಲೆಯಲ್ಲಿ ಬೇಸಾಯ ಮಾಡುವ ನನ್ನ ತಂದೆಯವರು ಕೆಲವು ವರ್ಷಗಳ ಹಿಂದೆ ಬೋರ್‌ವೆಲ್ ಕೊರೆಸುತ್ತಿದ್ದಾಗ, 650 ಅಡಿಗೂ ಬರೀ ಧೂಳೇ ಬರುತ್ತಿತ್ತು. ಇಷ್ಟು ಹಾಕಿದ್ದೀರಿ, ಇನ್ನು ನೂರಡಿ ನೋಡಿಬಿಡಿ ಎಂದು ಸುತ್ತ ನಿಂತವರೆಲ್ಲ ಹೇಳುತ್ತಿದ್ದರೂ ಅವರು ನಿಲ್ಲಿಸಿಬಿಟ್ಟರು. ಕೇಸಿಂಗ್ ಪೈಪು ಎತ್ತಿಸಿ ಮಾರಿದರು, ಗುಂಡಿ ಮುಚ್ಚಿಸಿದರು. ಆಗ ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಮುಳುಗಿದ ವೆಚ್ಚದ, ಅಂದರೆ ಈಗಾಗಲೇ ಖರ್ಚಾಗಿ ಮರಳಿ ಬಾರದ ಹಣದ, ಅಧ್ಯಾಯ ಓದುವಾಗ, ಕೊರೆದ ಅಡಿಗಳ ಹಣವನ್ನು ಲೆಕ್ಕದಿಂದ ಹೊರಗಿಟ್ಟು, ಪೈಪಿನ ಮಾರಾಟದ ಹಣವನ್ನು ಒಳಗೆ ತಂದ ಅವರ ವಿವೇಕ ಅರ್ಥವಾಯಿತು. ಅಪ್ಪಾಜಿ, ತಡವಾಗಿಯಾದರೂ ಆ ಸಿಟ್ಟಿಗೆ ಕ್ಷಮೆಯನ್ನೂ ಈ ಪಾಠಕ್ಕೆ ವಂದನೆಯನ್ನೂ ಸ್ವೀಕರಿಸಬೇಕು.

ಮುಂಜಾನೆ ನಾಲ್ಕೂವರೆಗೆ ಎದ್ದು ಓದುತ್ತಿದ್ದ ನನಗೆ, ಮಗುವನ್ನು ಶಾಲೆಗೆ ಹೊರಡಿಸುವ ಇಡೀ ಜವಾಬ್ದಾರಿಯನ್ನು ಹೊತ್ತ ಅತ್ತೆಯವರು ಮತ್ತು ಫಲಿತಾಂಶ ಬಂದ ಎರಡು ಸಂಜೆಗಳಲ್ಲೂ ಏನನ್ನೂ ಕೇಳದೆ ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟ ನನ್ನ ಪತಿ ಮಾಡಿದ್ದಕ್ಕೆ ಧನ್ಯವಾದ ಎಂಬ ಮಾತು ಸಾಲದು. ಪರೀಕ್ಷೆಯ ವಾರಗಳಲ್ಲಿ ನನ್ನ ಜಿಎಸ್‌ಟಿ ಕೆಲಸವನ್ನೂ ತಾವೇ ನೋಡಿಕೊಂಡ ಸಹೋದ್ಯೋಗಿಗಳಿಗೂ ನಾನು ಋಣಿ.

ಸಿಹಿ ಹಿಡಿದು ಶೆಡ್ಡಿಗೆ ಹೋದಾಗ ಫೋರ್‌ಮನ್ನರು ಅದನ್ನು ತೆಗೆದುಕೊಂಡು, "ಸಂತೋಷ ಮೇಡಂ, ಹಾಗಾದರೆ ಹೊಸ ಮೆಷಿನ್ ತಗೋಬೇಕೋ ಬೇಡವೋ ಈಗಲಾದರೂ ಹೇಳಿ" ಎಂದರು. ಸೋಮವಾರ ಅವರ ಕಡೆಯ ಆರು ತಿಂಗಳ ಮೆಷಿನ್ ಗಂಟೆಗಳ ಪುಸ್ತಕವನ್ನಿಟ್ಟುಕೊಂಡು ಇಬ್ಬರೂ ಕೂರಲಿದ್ದೇವೆ.