ಐ-80ರಲ್ಲಿ ಮೂಡಲ ಮುಖವಾಗಿ

ಕೆಲಸ ಹೋಗಿ ಅಮೆರಿಕದಿಂದ ಊರಿಗೆ ಮರಳುವ ಗೆಳೆಯ ತನ್ನ ಕಾರನ್ನು ಜೊತೆಗೆ ಒಯ್ಯುವ ಹಾಗಿಲ್ಲ. ಎಡಗಡೆ ಸ್ಟೇರಿಂಗಿನ ಹಳೇ ಗಾಡಿಯನ್ನು ಹಡಗು ಹತ್ತಿಸಿ, ಸುಂಕ ಕಟ್ಟಿ, ಹಾಸನದ ರಸ್ತೆಯಲ್ಲಿ ಓಡಿಸುತ್ತೇನೆ ಅನ್ನುವವರಿಗೆ ಬುದ್ಧಿ ಹೇಳಲು ಮನೆಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಇಲ್ಲೇ ಮಾರೋಣ ಎಂದರೆ, ಅವಸರದಲ್ಲಿರುವವನ ಗಾಡಿಗೆ ಕೊಳ್ಳುವವನು ಹೇಳಿದ್ದೇ ಬೆಲೆ. ಷಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಅವನ ಅಕ್ಕ ಇದ್ದಾರೆ, ಅಕ್ಕನ ಮಗ ಈ ವರ್ಷ ಕಾಲೇಜು ಸೇರುತ್ತಾನೆ, ಕಾರು ಅವನಿಗೆ ಎಂದು ತೀರ್ಮಾನವಾಯಿತು. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಿಂದ ಅಲ್ಲಿಗೆ ಐ-80 ಹೆದ್ದಾರಿಯಲ್ಲಿ ಎರಡು ಸಾವಿರ ಮೈಲಿಯ ಮೇಲೆ. "ಒಬ್ಬನೇ ಹೋಗ್ತೀನಿ ಬಿಡಿ ಅಣ್ಣ" ಅಂದ ಗೆಳೆಯ. ಮಾರ್ಚ್ ತಿಂಗಳಲ್ಲಿ ವಯೋಮಿಂಗ್ ದಾಟಿರುವ ಯಾರೂ ಆ ಮಾತಿಗೆ ಹೂಂ ಅನ್ನುವುದಿಲ್ಲ. ನಾನೂ ಹತ್ತಿ ಕೂತೆ.

ಗೆಳೆಯನ ಹೆಸರು ಇಲ್ಲಿ ಬೇಡ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ದವರಿಗೆ ಮುಖ ನೋಡಿದರೆ ಗುರುತು ಸಿಗುತ್ತದೆ: ಮೈಕು ಕೈಕೊಟ್ಟಾಗಲೆಲ್ಲ ವೇದಿಕೆಯ ಕೆಳಗೆ ನುಸುಳಿ ತಂತಿ ಸರಿಮಾಡುತ್ತಿದ್ದವನು. ಜನವರಿ ಕೊನೆಗೆ ಕೆಲಸ ಹೋಯಿತು. ಎಚ್-1ಬಿ ಎಂಬ ಉದ್ಯೋಗ ವೀಸಾದವರಿಗೆ ಕೆಲಸ ಹೋದರೆ ಸಿಗುವುದು ಹೆಚ್ಚೆಂದರೆ 60 ದಿನ. ಐ-94ರ, ಅಂದರೆ ಇಲ್ಲಿರಲು ಕೊಟ್ಟ ಅನುಮತಿ ಪತ್ರದ, ಗಡುವು ಅದಕ್ಕಿಂತ ಮೊದಲೇ ಮುಗಿಯುವುದಿದ್ದರೆ ಅಷ್ಟೂ ಇಲ್ಲ. ಅಷ್ಟರೊಳಗೆ ಇನ್ನೊಂದು ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾ ಸ್ಟೇಟಸ್‌ಗೆ ಬದಲಾಗಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. ಈ 60 ದಿನದ ನಿಯಮವೂ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಮಂದಗತಿಯ ಕಾಲದಲ್ಲಿ ಕೆಲಸ ಕಳೆದುಕೊಂಡವರಿಗೆ ನಿಯಮದ ಪ್ರಕಾರ ಇಷ್ಟು ಉಸಿರಾಟವೂ ಇರಲಿಲ್ಲ. ನಮ್ಮ ಹಿರಿಯ ಸದಸ್ಯರನ್ನು ಕೇಳಿದರೆ 2001ರ ಕಥೆಗಳನ್ನು ಹೇಳುತ್ತಾರೆ.

ಆತ ಸಂದರ್ಶನಗಳಿಗೆ ಹೋದ. ಒಂದು ಕಡೆ ಕೊನೆಯ ಸುತ್ತಿನವರೆಗೂ ಎಳೆದು ಸುಮ್ಮನಾದರು. ಮಾರ್ಚ್ ಮೊದಲ ವಾರ ಗಂಡ ಹೆಂಡತಿ ಕೂತು ಲೆಕ್ಕ ಹಾಕಿ, ಹೊರಡುವುದು ಎಂದು ನಿಶ್ಚಯಿಸಿದರು. ಮಗುವಿನ ಒಸಿಐ (ಸಾಗರೋತ್ತರ ಭಾರತೀಯರ) ಕಾರ್ಡು ಮುಂಚೆಯೇ ಮಾಡಿಸಿಟ್ಟಿದ್ದು ಪುಣ್ಯ. ಇಲ್ಲಿ ಹುಟ್ಟಿದ ಮಗು ಅಮೆರಿಕದ ಪ್ರಜೆ. ಒಸಿಐ ಅಥವಾ ವೀಸಾ ಇಲ್ಲದೆ ಅಜ್ಜಿಯ ಮನೆಗೂ ಪ್ರವೇಶವಿಲ್ಲ. ಶಾಲೆಗೆ ಸೇರಿಸುವ ಕಾಲ ಬಂತೆಂದು ತಾಯಿ ಮಗಳು ಮೊದಲು ವಿಮಾನ ಹತ್ತಿದರು. ಮನೆ ಖಾಲಿ ಮಾಡಿ, ಕಾರು ಮುಟ್ಟಿಸಿ, ಷಿಕಾಗೋದಿಂದ ಹಾರುವುದು ಇವನ ಪಾಲಿಗೆ ಬಂತು.

ಕಾರಿನಲ್ಲಿ ಏನೇನಿತ್ತು ಹೇಳುತ್ತೇನೆ. ಹಿಂದಿನ ಸೀಟಿನಲ್ಲಿ ವೆಟ್ ಗ್ರೈಂಡರ್, ಸೀಟ್ ಬೆಲ್ಟ್ ಹಾಕಿಸಿಕೊಂಡು. 110 ವೋಲ್ಟಿನದು, ಹಾಸನದ 230 ವೋಲ್ಟಿಗೆ ಹಾಗೇ ಹಚ್ಚಿದರೆ ಮೋಟಾರು ಸುಟ್ಟು ಹೋಗುತ್ತದೆ, ಅದೂ ಅಕ್ಕನಿಗೇ. ಅದರ ಗುಂಡುಗಳನ್ನು ಬಿಚ್ಚಿ ಟವೆಲ್ಲಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೆವು. ನೆವಾಡಾ ಮುಗಿಯುತ್ತ ಬರುವವರೆಗೆ ಪ್ರತಿ ತಿರುವಿನಲ್ಲೂ ಅವು ಉರುಳಿ ಹಿಂದೆ ಯಾರೋ ಬಾಗಿಲು ತಟ್ಟಿದಂತೆ ಆಗುತ್ತಿತ್ತು. ಕೊನೆಗೆ ಎಲ್ಕೋದಲ್ಲಿ ನಿಲ್ಲಿಸಿ ಚಳಿಯ ಜಾಕೆಟ್ ಒಂದನ್ನು ಅವುಗಳಿಗೇ ತೊಡಿಸಿದೆವು.

ಕರಿಬೇವಿನ ಗಿಡ ಮಾತ್ರ ಬರಲಿಲ್ಲ. ಏಳು ಅಡಿ ಎತ್ತರ, ಫ್ರೀಮಾಂಟಿನ ಅರ್ಧ ಕನ್ನಡಿಗರ ಒಗ್ಗರಣೆಗೆ ಸಾಕಾಗುವಷ್ಟು ಸೊಂಪು. ಆದರೆ ಕಿತ್ತಳೆ, ನಿಂಬೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಸಣ್ಣ ಕೀಟವೊಂದು ಕರಿಬೇವಿನ ಮೇಲೂ ಕೂರುತ್ತದೆ. ಅದಕ್ಕಾಗಿ ಕ್ಯಾಲಿಫೋರ್ನಿಯಾದಲ್ಲಿ ಆ ಗಿಡದ ಓಡಾಟಕ್ಕೆ ನಿರ್ಬಂಧಗಳಿವೆ. ಈಗ ಅದು ನಮ್ಮ ಹಿತ್ತಲಿನಲ್ಲಿದೆ. ಎಲೆ ಬೇಕಾದವರು ಬನ್ನಿ, ಕೊಂಬೆ ಮುರಿಯಬೇಡಿ.

ಸಿಯೆರಾ ಬೆಟ್ಟಗಳನ್ನು ಮೊದಲ ದಿನವೇ ದಾಟಿದೆವು. ಅಲ್ಲಿನ ಡಾನರ್ ಪಾಸಿನಲ್ಲಿ ಹಿಂದೆ ಹಿಮಕ್ಕೆ ಸಿಕ್ಕಿಬಿದ್ದ ವಲಸಿಗರು ಹಸಿವಿಗೆ ಏನು ತಿಂದರೆಂಬ ಕಥೆ ಗೊತ್ತಿರುವವರಿಗೆ ಗೊತ್ತು. ಗೊತ್ತಿಲ್ಲದವರು ಊಟಕ್ಕೆ ಮುಂಚೆ ಓದಬೇಡಿ. ಆಮೇಲೆ ನೆವಾಡಾ. ಅಲ್ಲಿ ನೋಡುವುದು ಕಡಿಮೆ, ಮಾತಾಡಲು ಪುರುಸೊತ್ತು ಜಾಸ್ತಿ.

ಮಾತೆಲ್ಲ ಲೆಕ್ಕದ್ದೇ. ಇಲ್ಲಿ ಸೋಶಿಯಲ್ ಸೆಕ್ಯೂರಿಟಿಯ ಪಿಂಚಣಿಗೆ 40 ಕ್ರೆಡಿಟ್ ಬೇಕು. ವರ್ಷಕ್ಕೆ ಹೆಚ್ಚೆಂದರೆ 4. ಈತ ಒಂಬತ್ತು ವರ್ಷ ದುಡಿದಿದ್ದಾನೆ, 36 ಆಗಿದೆ. ಹಲವು ದೇಶಗಳ ಜೊತೆ ಅಮೆರಿಕಕ್ಕೆ ಒಪ್ಪಂದವಿದೆ, ಎರಡೂ ಕಡೆಯ ದುಡಿಮೆಯ ವರ್ಷಗಳನ್ನು ಕೂಡಿಸಿ ನೋಡುತ್ತಾರೆ. ಭಾರತದ ಜೊತೆ ಅಂಥದ್ದಿಲ್ಲ. ಒಂಬತ್ತು ವರ್ಷ ಸಂಬಳದಿಂದ ಕತ್ತರಿಸಿದ್ದು ಅಲ್ಲೇ ಉಳಿಯುತ್ತದೆ. ಮುಂದೆಂದಾದರೂ ಬಂದು ಇನ್ನೊಂದು ವರ್ಷ ದುಡಿದರೆ ಮಾತ್ರ ಕೈಗೆಟುಕೀತು. 401(ಕೆ) ಎಂಬ ನಿವೃತ್ತಿ ಉಳಿತಾಯದ ಹಣವನ್ನು ಈಗಲೇ ತೆಗೆದರೆ ತೆರಿಗೆಯ ಮೇಲೆ ಶೇಕಡಾ 10 ದಂಡ, 59½ ವಯಸ್ಸಾಗುವವರೆಗೆ. ಅದನ್ನು ಮುಟ್ಟುವುದಿಲ್ಲ ಎಂದು ಆತ ಮೊದಲೇ ನಿಶ್ಚಯಿಸಿದ್ದ. ಒಂದು ಸಮಾಧಾನವೆಂದರೆ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಐ-140 ಅರ್ಜಿ ಮಂಜೂರಾಗಿ ವರ್ಷಗಳಾಗಿದ್ದರಿಂದ ಆ ಸಾಲಿನಲ್ಲಿ ಅವನ ಪ್ರಯಾರಿಟಿ ಡೇಟ್, ಅಂದರೆ ಸರದಿಯ ತಾರೀಕು, ಉಳಿಯುತ್ತದೆ. ಒಂದೊಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವ ಆ ಸಾಲು ಎಷ್ಟು ನಿಧಾನ ಸರಿಯುತ್ತದೆಂದು ಓದುಗರಿಗೆ ಹೇಳಬೇಕಿಲ್ಲ. "ನಾನು ಹಾಸನದಲ್ಲಿ ದೋಸೆ ತಿಂತಿರ್ತೀನಿ, ನನ್ನ ಡೇಟು ಇಲ್ಲೇ ಕ್ಯೂನಲ್ಲಿ ನಿಂತಿರುತ್ತೆ" ಅಂದ. ಯೂಟಾದ ಬಾನವಿಲ್ಲಿನ ಉಪ್ಪುಬಯಲು ಬರುವವರೆಗೂ ಇಬ್ಬರೂ ಅದಕ್ಕೇ ನಗುತ್ತಿದ್ದೆವು.

ಊರಿನ ಕಡೆಯ ತೆರಿಗೆಯೂ ಅವನಿಗೆ ಬಾಯಿಪಾಠ. ಬಹುಕಾಲ ಹೊರಗಿದ್ದು ಮರಳಿದವರನ್ನು ಆದಾಯ ತೆರಿಗೆಯವರು ಮೊದಲ ಎರಡು ಮೂರು ವರ್ಷ ಬೇರೆ ದರ್ಜೆಯಲ್ಲಿ ಇಡುತ್ತಾರೆ, ಹೊರದೇಶದ ಆದಾಯಕ್ಕೆ ಅಷ್ಟು ದಿನ ಅಲ್ಲಿ ತೆರಿಗೆ ಬೀಳುವುದಿಲ್ಲ. ಯಾವ ತಿಂಗಳು ಊರಿಗೆ ಕಾಲಿಟ್ಟಿರಿ ಎಂಬುದರ ಮೇಲೂ ಆ ಲೆಕ್ಕ ಆಚೀಚೆ ಆಗಬಹುದು. ಹಣ ಕೊಟ್ಟು ಸಲಹೆ ಪಡೆದವರಿಗೂ ಇಷ್ಟು ಸ್ಪಷ್ಟವಾಗಿ ಗೊತ್ತಿರುವುದನ್ನು ನಾನು ಕಂಡಿಲ್ಲ. ಇದನ್ನೆಲ್ಲ ಯಾರು ಹೇಳಿಕೊಟ್ಟರು ಎಂದೆ. "ಯಾರೂ ಇಲ್ಲ. ಹಿಂದೆ ಹೋದೋರು ಯಾರಾದ್ರೂ ಗೊತ್ತಾ ಅಂತ ಕೇಳೋಕೂ ಮುಜುಗರ. ರಾತ್ರಿ ಎಲ್ಲ ಕೂತು ಓದ್ಕೊಂಡೆ."

ವಯೋಮಿಂಗ್ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ರಾಲಿನ್ಸ್ ಊರಿನಲ್ಲಿ ಹೆದ್ದಾರಿಗೆ ಅಡ್ಡ ರೈಲ್ವೆ ಗೇಟಿನಂಥ ಗೇಟು ಇಳಿದಿತ್ತು: ಗಾಳಿ, ಹಿಮ, ಮುಂದೆ ರಸ್ತೆ ಬಂದ್. ಟ್ರಕ್ಕುಗಳು ಊರ ತುಂಬ ಸಾಲುಗಟ್ಟಿ ನಿಂತಿದ್ದವು. ಲಾಡ್ಜಿನ ಅಜ್ಜಿಗೆ ಇದೆಲ್ಲ ದಿನನಿತ್ಯದ ಮಾತು. ರಾಲಿನ್ಸಿನ ಆಚೆ ಎಲ್ಕ್ ಬೆಟ್ಟದ ಬುಡದಲ್ಲಿ ಹಾದುಹೋಗುವ ಆ ತುಂಡು ರಸ್ತೆ 1970ರಲ್ಲಿ ತೆರೆಯಿತು. ಹಳೇ ರಸ್ತೆ, ಅಂದರೆ ಯುಎಸ್ 30, ಉತ್ತರಕ್ಕೆ ಸುತ್ತು ಹಾಕಿ ಮೆಡಿಸಿನ್ ಬೋ ಊರಿನ ಮೂಲಕ ಹೋಗುತ್ತದೆ. ಮೈಲಿಗಳು ಉಳಿಯುತ್ತವೆಂದು ಎಂಜಿನಿಯರುಗಳು ನೇರ ಗೆರೆ ಎಳೆದರು. ಆ ಕಣಿವೆಯಲ್ಲಿ ಗಾಳಿ ವಿಪರೀತ, ಹಿಮ ತೂರುತ್ತದೆ, ಬೇಡ ಎಂದು ದನ ಮೇಯಿಸುವವರು ಬಡಕೊಂಡರೂ ಕೇಳಲಿಲ್ಲ. ತೆರೆದ ಕೆಲವೇ ದಿನಗಳಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿತು. ಆಮೇಲೆ ಮೈಲಿಗಟ್ಟಲೆ ಮರದ ಹಿಮತಡೆ ಬೇಲಿ ಕಟ್ಟಬೇಕಾಯಿತು. ನಾವು ಆ ಬೇಲಿಗಳ ಪಕ್ಕದಲ್ಲೇ ಮರುದಿನ ಮಧ್ಯಾಹ್ನ ನಲವತ್ತರ ವೇಗದಲ್ಲಿ ತೆವಳಿದೆವು.

ಲ್ಯಾರಮಿ ತಲುಪುವ ಹೊತ್ತಿಗೆ ಹಸಿವಿನಿಂದ ಮಾತೂ ನಿಂತಿತ್ತು. ಅಲ್ಲಿನ ಟ್ರಕ್ ಸ್ಟಾಪೊಂದರಲ್ಲಿ ಪಂಜಾಬಿ ಢಾಬಾ: ಬಿಸಿ ಪರಾಟಾ, ದಾಲ್, ಈರುಳ್ಳಿ, ಹಸಿಮೆಣಸಿನಕಾಯಿ. ಐ-80ರಲ್ಲಿ ಟ್ರಕ್ ಓಡಿಸುವ ಪಂಜಾಬಿಗಳು ಅಷ್ಟಿದ್ದಾರೆ. ಪಕ್ಕದ ಮೇಜಿನ ಸರ್ದಾರ್ಜಿ ಎಲ್ಲಿಗೆ ಎಂದು ಹಿಂದಿಯಲ್ಲಿ ಕೇಳಿದರು. ಗೆಳೆಯ ಮೊದಲ ಸಲ ಯಾವ ಸುತ್ತೂ ಬಳಸದೆ "ಕೆಲಸ ಹೋಯ್ತು, ಊರಿಗೆ ವಾಪಸ್ ಹೋಗ್ತಿದೀನಿ" ಎಂದು ಹೇಳಿದ. ಅವರು ಅಯ್ಯೋ ಪಾಪ ಅನ್ನಲಿಲ್ಲ. ಊರಲ್ಲಿ ಜಮೀನಿದೆಯಾ ಎಂದು ಕೇಳಿದರು. ಎರಡು ಎಕರೆ ತೆಂಗಿದೆ ಎಂದಾಗ, ಮತ್ತೇನು ಚಿಂತೆ ಎಂಬಂತೆ ಇನ್ನೊಂದು ಪರಾಟಾ ಈ ಕಡೆ ತಳ್ಳಿದರು. ತೆಂಗಿಗೆ ಈಗ ನುಸಿ, ಬಿಳಿನೊಣ ಎರಡರ ಕಾಟ ಎಂದು ವಿವರಿಸುವಷ್ಟು ಹಿಂದಿ ನಮ್ಮಿಬ್ಬರಿಗೂ ಇರಲಿಲ್ಲ.

ನೆಬ್ರಾಸ್ಕಾದಲ್ಲಿ ರಸ್ತೆ ಪ್ಲ್ಯಾಟ್ ನದಿಯ ಪಕ್ಕಕ್ಕೆ ಬಂದು ಸೇರುತ್ತದೆ. ಆಳವಿಲ್ಲದ, ಮರಳುದಿಬ್ಬಗಳ ನಡುವೆ ಕವಲೊಡೆದು ಹರಿಯುವ ಹೊಳೆ. ಮಾರ್ಚಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಕೊಕ್ಕರೆಯಂಥ ಸ್ಯಾಂಡ್‌ಹಿಲ್ ಕ್ರೇನ್‌ಗಳು ಇಲ್ಲಿ ಇಳಿಯುತ್ತವೆ; ಹಗಲು ಜೋಳದ ಹೊಲಗಳಲ್ಲಿ ಉದುರಿದ ಕಾಳು ಮೇಯ್ದು, ರಾತ್ರಿ ನೀರಿನಲ್ಲಿ ನಿಂತು ನಿದ್ದೆ ಮಾಡುತ್ತವೆ. ಕರ್ನಿಯಲ್ಲಿ ಸಂಜೆ ಅವುಗಳ ಗದ್ದಲದಲ್ಲಿ ನಾವು ಕೂಗಿ ಮಾತಾಡಬೇಕಾಯಿತು.

ಪಡುವಲಿಗೆ ವಲಸೆ ಹೋದವರ ದಾರಿ ಇದೇ ನದಿಯ ದಂಡೆ. 1840ರಿಂದ 1860ರವರೆಗೆ ಸುಮಾರು ಮೂರು ಲಕ್ಷ ಜನ ಎತ್ತಿನ ಬಂಡಿಗಳಲ್ಲಿ ಹೀಗೆ ಓರೆಗಾನ್, ಕ್ಯಾಲಿಫೋರ್ನಿಯಾ, ಯೂಟಾ ಕಡೆ ಹೋದರು. ಆಮೇಲೆ ಅದೇ ದಂಡೆಯಲ್ಲಿ ಕುದುರೆ ಅಂಚೆ, ರೈಲು, ಈಗ ಐ-80. ಕರ್ನಿಯಲ್ಲಿ ಹೆದ್ದಾರಿಯ ಮೇಲೇ ಕಮಾನಿನ ಹಾಗೆ ಕಟ್ಟಿದ ವಸ್ತುಸಂಗ್ರಹಾಲಯ ಈ ಕಥೆಯನ್ನೇ ಹೇಳುತ್ತದೆ. ಅಮೆರಿಕನ್ನರಿಗೆ ಪಡುವಲಿಗೆ ಹೋದವರ ಕಥೆಯೆಂದರೆ ಬಲು ಪ್ರೀತಿ. ನನಗೆ ಕುತೂಹಲ ಇದ್ದದ್ದು ಅರ್ಧ ದಾರಿಯಿಂದ ಹಿಂದೆ ಬಂದವರ ಮೇಲೆ. ಅಂಥವರೂ ಸಾಕಷ್ಟಿದ್ದರು: 1849, 1850ರಲ್ಲಿ ಈ ದಂಡೆಯಲ್ಲೇ ಕಾಲರಾ ಬಡಿದಾಗ ಬಂಡಿ ತಿರುಗಿಸಿದವರು, ಎತ್ತು ಸತ್ತವರು, ಹಣ ಮುಗಿದವರು. ಎದುರಿಗೆ ಸಿಕ್ಕ ಬಂಡಿಗಳವರು ಇವರನ್ನು ನಿಲ್ಲಿಸಿ, ಮುಂದೆ ಹುಲ್ಲೆಲ್ಲಿದೆ, ನೀರೆಲ್ಲಿ ಕೆಟ್ಟಿದೆ, ಯಾವ ಕಡವು ದಾಟಬಹುದು ಎಂದು ಕೇಳಿ ತಿಳಿಯುತ್ತಿದ್ದರು. ಮನೆಗೆ ಬರೆದ ಕಾಗದಗಳನ್ನು ಇವರ ಕೈಯಲ್ಲೇ ಕಳಿಸುತ್ತಿದ್ದರು. ಮುಂದಿನ ದಾರಿಯನ್ನು ಕಂಡು ಬಂದವರಲ್ಲವೇ ಇವರು.

ಅವಮಾನ ಇರಲಿಲ್ಲವೆಂದಲ್ಲ. ಸುಮಾರು ನಾಲ್ಕು ದಶಕ ಕಳೆದು ಬರಗಾಲದಲ್ಲಿ ಕಾನ್ಸಾಸ್ ಬಿಟ್ಟು ಮೂಡಲಿಗೆ ಮರಳಿದ ರೈತರು ಬಂಡಿಯ ಮೇಲೆ ತಾವೇ ಬರೆದುಕೊಂಡಿದ್ದರಂತೆ: ದೇವರನ್ನು ನಂಬಿದೆವು, ಕಾನ್ಸಾಸಿನಲ್ಲಿ ದಿವಾಳಿಯಾದೆವು. ಗೆಳೆಯನಿಗೆ ಇದು ಬಹಳ ಹಿಡಿಸಿತು. ಕಾರಿನ ಹಿಂದಿನ ಗಾಜಿನ ಮೇಲೆ ಬರೆಯಲೇ ಎಂದ. ಅಕ್ಕನ ಮಗ ಅದರಲ್ಲಿ ಕಾಲೇಜಿಗೆ ಹೋಗಬೇಕಲ್ಲ ಎಂದು ತಡೆದೆ.

ಆ ರಾತ್ರಿ ಎಂಟು ಗಂಟೆಗೆ, ಅಂದರೆ ಹಾಸನದಲ್ಲಿ ಬೆಳಗಿನ ಆರೂವರೆಗೆ, ಮನೆಗೆ ಫೋನು ಮಾಡಿದ. ಸ್ಪೀಕರಿನಲ್ಲಿತ್ತು. ತಾಯಿ ಅಳಬಹುದೆಂದು ನಾನು ಎದ್ದು ಹೊರಗೆ ಹೋಗುವವನಿದ್ದೆ. ಅವರಿಗೆ ಪುರುಸೊತ್ತಿರಲಿಲ್ಲ. "ಮಹಡಿ ಮನೆ ಬಾಡಿಗೆಯವ್ರಿಗೆ ಹೇಳಿದೀವಿ ಕಣೋ, ಮೇ ಹೊತ್ತಿಗೆ ಬಿಡ್ತಾರಂತೆ. ಮೊಮ್ಮಗಳು ರಾಗಿರೊಟ್ಟಿ ತಿಂದ್ಳು. ನಿಂಗೆ ಮಂಚ ಆರಡಿದು ಸಾಕೇನೋ?" ಎಂದರು. ಆಮೇಲೆ ತಂದೆ ಫೋನು ತೆಗೆದುಕೊಂಡು ದನಿ ತಗ್ಗಿಸಿ, "ನೋಡಪ್ಪ, ಇಲ್ಲಿ ಎಲ್ರಿಗೂ ನೀನು ಪ್ರಾಜೆಕ್ಟ್ ಮೇಲೆ ಬರ್ತಿದೀಯ ಅಂತ ಹೇಳಿದೀನಿ. ನೀನೂ ಹಾಗೇ ಹೇಳು" ಎಂದರು. ಎಷ್ಟು ದಿನದ ಪ್ರಾಜೆಕ್ಟ್ ಎಂದು ಮಗ ಕೇಳಿದ. ಅದನ್ನು ಅವರು ಯೋಚಿಸಿರಲಿಲ್ಲ.

ನೇಪರ್‌ವಿಲ್‌ನಲ್ಲಿ ಕೀಲಿ, ಗುಂಡುಕಲ್ಲು ಎರಡನ್ನೂ ಅಕ್ಕನಿಗೆ ಒಪ್ಪಿಸಿ, ಆತ ಬೆಂಗಳೂರಿನ ವಿಮಾನ ಹತ್ತಿದ, ನಾನು ಸ್ಯಾನ್ ಹೋಸೆಯದು.

ಈಗ ನಮ್ಮ ಸುದ್ದಿಪತ್ರದ ಮಾತು. ಹೊಸದಾಗಿ ಬಂದವರಿಗೆ ನಾವು ಬಹಳ ಮಾಡುತ್ತೇವೆ. ಯಾವ ಶಾಲೆ ಚೆನ್ನಾಗಿದೆ, ಎಲ್ಲಿ ಸೋನಾ ಮಸೂರಿ ಸಿಗುತ್ತದೆ, ಡಿಎಂವಿಯ ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಯಲ್ಲಿ ಏನು ಕೇಳುತ್ತಾರೆ, ಎಲ್ಲ ಅಚ್ಚಾಗುತ್ತದೆ. ಹೊರಟವರ ಹೆಸರು ವಿಳಾಸಪಟ್ಟಿಯಿಂದ ಸದ್ದಿಲ್ಲದೆ ಜಾರುತ್ತದೆ. ನಿವೃತ್ತರಾಗಿ ಊರು ಸೇರುವವರಿಗೆ ಶಾಲು, ಹಾರ, ಭಾಷಣ; ಲೇಆಫ್ ಆಗಿ ಹೊರಟವರ ವಿಷಯದಲ್ಲಿ ಅವರಿಗೆ ಹೇಳಲು ಸಂಕೋಚ, ನಮಗೆ ಕೇಳಲು ಸಂಕೋಚ. ಈ ದಾಕ್ಷಿಣ್ಯ ಒಳ್ಳೆಯ ಮನಸ್ಸಿನದೇ ಇರಬಹುದು, ಆದರೆ ಅದರ ನಷ್ಟ ಮುಂದಿನ ಸರದಿಯವರಿಗೆ. ಅವರೂ ರಾತ್ರಿಯೆಲ್ಲ ಒಬ್ಬರೇ ಕೂತು ಮೊದಲಿನಿಂದ ಓದಬೇಕು.

ಆದ್ದರಿಂದ ಮುಂದಿನ ಸಂಚಿಕೆಯಿಂದ ಮರಳಿದವರಿಗೆ ಜಾಗ ಮೀಸಲು. ಮೊದಲ ಬರಹ ಹಾಸನದಿಂದ ಈಗಾಗಲೇ ಬಂದಿದೆ. ಸಾಮಾನು ಸಾಗಣೆ, ಬ್ಯಾಂಕ್ ಖಾತೆ ಬದಲಾವಣೆ, ಮಗಳ ಶಾಲೆ, ಎಲ್ಲ ಇದೆ. 2015ರ ಕಾಯ್ದೆಯಿಂದಾಗಿ ಕರ್ನಾಟಕದ ಶಾಲೆಗಳಲ್ಲಿ ಕನ್ನಡ ಕಲಿಸಲೇಬೇಕು. ನಮ್ಮ ಭಾನುವಾರದ ಕನ್ನಡ ತರಗತಿಗೆ ಅತ್ತುಕೊಂಡು ಬರುತ್ತಿದ್ದ ಹುಡುಗಿ ಈಗ ಒತ್ತಕ್ಷರದ ತನಕ ತಾನೇ ಓದುತ್ತಿದ್ದಾಳಂತೆ. ಅಲ್ಲಿನ ಟೀಚರಿಗೆ ಆಶ್ಚರ್ಯ, ಇಲ್ಲಿನ ಟೀಚರಿಗೆ ಇನ್ನೂ ಹೆಚ್ಚು.

ಹಿಂದೆ ಹೋದವರು, ಹೊರಡಲಿರುವವರು, ಹೋಗಿ ಮತ್ತೆ ಬಂದವರು ಬರೆಯಿರಿ. ಎರಡು ಪುಟ ಮೀರದಿರಲಿ. ಇಷ್ಟೇ ಹಣ ಖರ್ಚಾಯಿತು, ಇಂಥ ಕಾಗದ ಬೇಕಾಯಿತು, ಇದನ್ನು ಮೊದಲೇ ಮಾಡಬೇಕಿತ್ತು, ಇಂಥವು ಮುಖ್ಯ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಹಾಸನದ ಬರಹಕ್ಕೂ ಹೆಸರಿರುವುದಿಲ್ಲ, ಅಲ್ಲಿ ಪ್ರಾಜೆಕ್ಟ್ ಇನ್ನೂ ನಡೆಯುತ್ತಿದೆ.