ಪ್ರೊಜೆಕ್ಟರ್ ಡಬ್ಬದ ಮೇಲೆ ನಿಜವಾದ ಲುಮೆನ್ ಬರೆಯಲಿ

ಮಾನ್ಯ ಸಂಪಾದಕರೇ,

ಹಬ್ಬ ಹತ್ತಿರ ಬಂತೆಂದರೆ ಪುಟ್ಟ ಪ್ರೊಜೆಕ್ಟರ್‌ಗಳ ಜಾಹೀರಾತು ಶುರು. ಗೋಡೆ ತುಂಬಾ ಕಾರ್ ರೇಸಿನ ವಿಡಿಯೊ ಗೇಮ್, ಸೋಫಾದಲ್ಲಿ ನಗುವ ಕುಟುಂಬ, ಕಿಟಕಿಯಿಂದ ಚೆನ್ನಾಗಿ ಬಿಸಿಲು ಬೇರೆ! ಆ ಬಿಸಿಲಿನ ಬಗ್ಗೆಯೇ ನನ್ನ ತಕರಾರು.

ಅಕ್ಕನ ಮಗ ಇಂಥದ್ದೇ ಒಂದು ತಂದ. ಡಬ್ಬದ ಮೇಲೆ 9000 ಲುಮೆನ್ (ಬೆಳಕಿನ ಅಳತೆ) ಎಂದು ದಪ್ಪಕ್ಷರ. ಮಧ್ಯಾಹ್ನ ಹಾಕಿದರೆ ರಸ್ತೆ ಯಾವುದು, ಕಾರು ಯಾವುದು ಗೊತ್ತಾಗಲಿಲ್ಲ. ನೋಡಬೇಕಾದದ್ದು ಆನ್ಸಿ ಅಥವಾ ಐಎಸ್‌ಒ ಎಂಬ ಮಾನಕ ಸಂಸ್ಥೆಗಳ ಹೆಸರಿನ ಲುಮೆನ್. ಪರದೆಯ ಒಂಬತ್ತು ಕಡೆ ಬೆಳಕು ಅಳೆದು ಲೆಕ್ಕ ಹಾಕುವ ಪದ್ಧತಿ ಅದು. ಬರೀ 'ಲುಮೆನ್' ಎಂದಿದ್ದರೆ ಅದು ಹೆಚ್ಚಾಗಿ ಮಾರುವವರ ಬಾಯಿಗೆ ಬಂದ ಅಂಕಿ, ಅಷ್ಟೇ. '4ಕೆ ಸಪೋರ್ಟ್' ಎಂಬುದೂ ಹೀಗೇ: 4ಕೆಯ ಅತಿ ಸ್ಪಷ್ಟ ವಿಡಿಯೊ ಕೊಟ್ಟರೆ ತಗೊಳ್ಳುತ್ತದೆ, ಗೋಡೆಗೆ ಬೀಳುವುದು 1280×720 ಚುಕ್ಕಿ ಇರಬಹುದು, ಅದಕ್ಕಿಂತ ಕಡಿಮೆಯೂ ಇರಬಹುದು. 'ನೇಟಿವ್ ರೆಸಲ್ಯೂಷನ್', ಅಂದರೆ ಪೆಟ್ಟಿಗೆ ನಿಜವಾಗಿ ಮೂಡಿಸುವ ಚುಕ್ಕಿಗಳ ಲೆಕ್ಕ, ಎಷ್ಟು ಅಂತ ಕೇಳಿದರೆ ಅಂಗಡಿಯವರು ಮಾತು ಬದಲಿಸುತ್ತಾರೆ.

ಹಾಗಂತ ಈ ಪೆಟ್ಟಿಗೆಗಳು ದಂಡ ಅಂತ ಅಲ್ಲ. ಗನ್ ಆಟಗಳನ್ನು ಪೈಪೋಟಿಯಲ್ಲಿ ಆಡುವವರಿಗೆ ಬೇಡ. ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ಚಾಪೆ ಹಾಸಿಕೊಂಡು ಮಕ್ಕಳ ಜೊತೆ ಸುಮ್ನೆ ಒಂದು ಗಂಟೆ ಮಾರಿಯೊ ಕಾರ್ಟೋ ಮೈನ್‌ಕ್ರಾಫ್ಟೋ ಆಡುವವರಿಗೆ ಮಜವಾಗಿಯೇ ಇರುತ್ತದೆ. ಚಿತ್ರವನ್ನು 100 ಇಂಚಿಗೆ ಎಳೆಯಬಾರದು, ಅಷ್ಟೇ. 50 ಇಂಚಿಗೆ ಇಳಿಸಿದರೆ ಅದೇ ಬೆಳಕು ಕಾಲು ಭಾಗ ಜಾಗದಲ್ಲಿ ಬೀಳುತ್ತದೆ, ಬಣ್ಣಕ್ಕೆ ಜೀವ ಬರುತ್ತದೆ. ನಮ್ಮ ಹತ್ತಡಿ ಕೋಣೆಗಳಿಗೆ ಅದೇ ಸರಿ ಕೂಡ. ನಮ್ಮ ಮನೆ ಗೋಡೆಗೆ ತಿಳಿಹಸಿರು ಬಣ್ಣ, ಅದಕ್ಕೇ ಬಿಳಿ ಪಂಚೆ ಕಟ್ಟಿದೆವು. ಫ್ಯಾನ್ ಹಾಕಿದ್ದೇ ತಡ, ರೇಸಿನ ರಸ್ತೆಯೆಲ್ಲ ಅಲೆಅಲೆಯಾಗಿ ತೂಗಾಡಿತು! ಕೆಳಗಿನ ಅಂಚಿಗೆ ಒಂದು ಕೋಲು ಸುತ್ತಿದ ಮೇಲೆ ನಿಂತಿತು.

ಇನ್ನೊಂದು ವಿಷಯ ಈ ಜಾಹೀರಾತುಗಳು ಸಾಮಾನ್ಯವಾಗಿ ಹೇಳುವುದಿಲ್ಲ: ಬಟನ್ ಒತ್ತಿದ ಮೇಲೆ ಪರದೆಯಲ್ಲಿ ಅದು ಕಾಣಲು ಎಷ್ಟು ತಡ. ಸೆಕೆಂಡಿಗೆ 60 ಚಿತ್ರ ಓಡುವ ಆಟದಲ್ಲಿ 100 ಮಿಲಿಸೆಕೆಂಡ್ ತಡವಾದರೆ ಆರು ಚಿತ್ರ ಹಿಂದೆ ಬಿದ್ದಂತೆ, ಕಾರು ತಿರುಗುವಷ್ಟರಲ್ಲಿ ಗೋಡೆಗೆ ಗುದ್ದಿರುತ್ತದೆ. ಮೊಬೈಲಿನಿಂದ ವೈಫೈನಲ್ಲಿ ಚಿತ್ರ ಕಳಿಸಿದರೆ ಈ ತಡ ಇನ್ನೂ ಜಾಸ್ತಿ, ಹಾಗಾಗಿ ಎಚ್‌ಡಿಎಂಐ ಕೇಬಲ್ಲೇ ವಾಸಿ. ಸೆಟ್ಟಿಂಗ್‌ನಲ್ಲಿ ಈ ತಡ ಕಡಿಮೆ ಮಾಡುವ 'ಗೇಮ್ ಮೋಡ್' ಇದ್ದರೆ ಹಾಕಿಕೊಳ್ಳಿ. ಪೆಟ್ಟಿಗೆಯನ್ನು ಓರೆಯಾಗಿ ಇಟ್ಟು ಕೀಸ್ಟೋನ್ ಎಂಬ ಓರೆ ತಿದ್ದುವ ಸೆಟ್ಟಿಂಗ್‌ನಲ್ಲಿ ಚೌಕ ಮಾಡುವ ಬದಲು ಗೋಡೆಗೆ ನೇರವಾಗಿ ಇಡುವುದು ಒಳ್ಳೆಯದು. ಓರೆ ತಿದ್ದಿದಷ್ಟೂ ಚಿತ್ರದ ಸ್ಪಷ್ಟತೆ ಹೋಗುತ್ತದೆ. ಬ್ಲೂಟೂತ್ ಸ್ಪೀಕರ್‌ನಲ್ಲೂ ತಡದ ಕಥೆಯೇ, ಕಾರು ಗುದ್ದಿ ಆದ ಮೇಲೆ ಸದ್ದು. ಸ್ಪೀಕರ್‌ಗೆ ನೇರ ಚುಚ್ಚುವ ಆಕ್ಸ್ ವೈರ್ ಸಾಕು, ಅಲ್ವಾ? ಹಾಂ, ಲೆನ್ಸ್‌ಗೆ ಕಣ್ಣಿಟ್ಟು ನೋಡುವ ಚಿಕ್ಕ ಮಕ್ಕಳಿದ್ದರೆ ಪೆಟ್ಟಿಗೆಯನ್ನು ಎತ್ತರದಲ್ಲಿಡಿ.

ಬಲ್ಬಿನ ಡಬ್ಬದ ಮೇಲೆ ವ್ಯಾಟು, ಫ್ರಿಜ್ಜಿನ ಮೇಲೆ ಸ್ಟಾರು ಬರೆಯುತ್ತಾರೆ. ಪ್ರೊಜೆಕ್ಟರಿಗೂ ಆನ್ಸಿ ಲುಮೆನ್, ನೇಟಿವ್ ರೆಸಲ್ಯೂಷನ್, ಈ ತಡದ ಅಂಕಿ, ಮೂರನ್ನೂ ಬರೆಯುವಂತೆ ಸರ್ಕಾರ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ನಿಮ್ಮ ಪತ್ರಿಕೆಯಾದರೂ ಆನ್ಸಿ ಅಂಕಿ ಇಲ್ಲದ ಪ್ರೊಜೆಕ್ಟರ್ ಜಾಹೀರಾತು ಬಂದಾಗ 'ಎಷ್ಟು?' ಎಂದು ಕೇಳಿಯೇ ಹಾಕಲಿ.

— ಒಬ್ಬ ಓದುಗ, ದಾವಣಗೆರೆ